ಕುದುರೆ ಹಿಡಿದವನು ನೀವಲ್ಲ

ರೀ ಒತಾಕರ್,

ಬ್ರ್ನೋದಲ್ಲಿ ತಂಗಿ ಮಿಲಾಡಾಳನ್ನು ನೋಡಿಕೊಂಡು ಮೂರು ಗಂಟೆಗೆ ಬರುತ್ತೇನೆ. ಇವತ್ತಿನ ಕ್ರಿಸ್ಮಸ್ ಊಟಕ್ಕೆಂದು ಸ್ನಾನದ ತೊಟ್ಟಿಯಲ್ಲಿ ಬಿಟ್ಟಿರುವ ಮೀನನ್ನು ಮೊಮ್ಮಕ್ಕಳು ಬರುವ ಮೊದಲೇ ಕೊಯ್ದಿಡಿ. ಹೋದ ವರ್ಷದ ಮೀನಿಗೆ ಹೆಸರಿಟ್ಟು ಅವು ಮಾಡಿದ ರಂಪ ಸಾಕು. ಆಲೂಗಡ್ಡೆ ಸಲಾಡ್ ಬಾಲ್ಕನಿಯಲ್ಲಿದೆ. ಸಂಜೆವರೆಗೆ ಉಪವಾಸ ಇದ್ದರೆ ಗೋಡೆಯ ಮೇಲೆ ಚಿನ್ನದ ಹಂದಿಮರಿ ಕಾಣುತ್ತದೆ ಎಂದು ಮಕ್ಕಳನ್ನು ನಂಬಿಸುವ ನೀವೇ ಸಲಾಡಿಗೆ ಕೈ ಹಾಕಬೇಡಿ.

ನಂಬಿಸುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಬಿಡಿ.

ನಿನ್ನೆ ನೀವು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾಗ ಟಿವಿಯಲ್ಲಿ ನಾವು ಪ್ರತಿ ಕ್ರಿಸ್ಮಸ್‌ಗೆ ನೋಡುವ ಆ ರಾಜಕುಮಾರಿಯ ಸಿನಿಮಾ ಬಂತು. ಹಳೇ ರೀಲನ್ನು ಚೊಕ್ಕಟ ಮಾಡಿ ಹಾಕಿದ್ದಾರೆ. ರಾಜನ ಕುದುರೆ ಹಿಡಿದು ನಿಂತವನ ಮುಖ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಅದು ನೀವಲ್ಲ.

ಮದುವೆಗೆ ಮುಂಚೆ ಚಿತ್ರಮಂದಿರದಲ್ಲಿ ನನ್ನ ಕೈ ಹಿಡಿದು, "ನೋಡೇ ಕ್ವೇತಾ, ಆ ಕುದುರೆ ಹಿಡ್ಕೊಂಡಿರೋನು ನಾನೇ ಕಣೇ" ಅಂದಿರಿ. ಸವೆದ ರೀಲಿನಲ್ಲಿ ಮುಖ ಯಾರಿಗೆ ಕಂಡಿತ್ತು! ನಲವತ್ತೊಂದು ಕ್ರಿಸ್ಮಸ್ ಆ ದೃಶ್ಯ ಬಂದಾಗಲೆಲ್ಲ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದೆವು, ನೀವು ಎದ್ದು ನಿಂತು ತಲೆ ಬಾಗಿಸಿದಿರಿ. ಒಂದು ವರ್ಷವಾದರೂ ನಾಚಿಕೆ ಆಗಲಿಲ್ಲವೇ? ಸಿನಿಮಾದವನಾಗದೆ ಬರೀ ಬೇಕರಿ ಕೆಲಸದ ಒತಾಕರ್ ಆಗಿಯೇ ಬಂದು ಮದುವೆಗೆ ಕೇಳಿದ್ದರೂ ನಾನು ಹೂಂ ಅನ್ನುತ್ತಿದ್ದೆ.

ಸಂಜೆ ಮಕ್ಕಳಿಗೆ ಆ ಸಿನಿಮಾದ ಹಳೇ ಕ್ಯಾಸೆಟ್ಟನ್ನೇ ಹಾಕಿ, ಅದರಲ್ಲಿ ಮುಖ ಮಸುಕು. ಎಂದಿನಂತೆ ಎದ್ದು ನಿಲ್ಲಿ. ನಾನೂ ಚಪ್ಪಾಳೆ ತಟ್ಟುತ್ತೇನೆ. ಆಗ ನನ್ನ ಕಡೆ ಮಾತ್ರ ತಿರುಗಬೇಡಿ.

ಕ್ವೇತಾ