ಹಕ್ಕಿ ನೋಡುವವಳ ಹೆಸರು

ಜನವರಿ 8, ಬುಧವಾರ
ಇವತ್ತೂ ರಾಶಿ ಮದುವೆ ಕಾರ್ಡ್. ಎಲ್ಲದರಲ್ಲೂ ಅದೇ ಪದ — ಆಸ್ಪಿಶಿಯಸ್. ಇಷ್ಟು ವರ್ಷ ಪ್ರೂಫ್ ನೋಡಿದರೂ ಇದರ ಹುಟ್ಟು ಕೇಳಿರಲಿಲ್ಲ. ಮಧ್ಯಾಹ್ನ ನಮ್ಮ ಪ್ರಿಂಟಿಂಗ್ ಅಂಗಡಿಯ ಹಳೇ ಡಿಕ್ಷನರಿ ತೆಗೆದೆ. ಲ್ಯಾಟಿನ್‌ನಲ್ಲಿ ಏವಿಸ್ ಎಂದರೆ ಹಕ್ಕಿ. ಸ್ಪೆಸೆರೆ, ನೋಡುವುದು. ಆಸ್ಪೆಕ್ಸ್ — ಹಕ್ಕಿ ಎಡಕ್ಕೆ ಹಾರಿತೋ ಬಲಕ್ಕೋ ನೋಡಿ ಶಕುನ ಹೇಳುವವನು. ರೋಮಿನ ಮದುವೆಗಳಲ್ಲೂ ಇರುತ್ತಿದ್ದನಂತೆ. ಶುಭ ಎಂಬ ಅರ್ಥ ಆಮೇಲೆ ಬಂದದ್ದು.
ಕಿಟಕಿಯಾಚೆ ಹದ್ದೊಂದು ಸುತ್ತುತ್ತಿತ್ತು. ನೋಡುತ್ತ ಕುಳಿತೆ. ಚಹಾ ಆರಿತು.

ಜನವರಿ 11
ಅಣ್ಣನ ಮಗಳು ಅಪೇಕ್ಷಾಳ ಕಾರ್ಡೂ ನಮ್ಮಲ್ಲೇ. ಕರೆಯುವವರ ಪಟ್ಟಿಯ ಕೊನೆಯಲ್ಲಿ — ಕುಸುಮ. ನಾನು! ಜೋಡಿ ಹೆಸರುಗಳ ಕೆಳಗೆ ಒಂಟಿ. ನನ್ನವರು ಹೋಗಿ ಆರು ವರ್ಷ, ಆಮೇಲೆ ಯಾವ ಕಾರ್ಡಿನಲ್ಲೂ ನಾನಿಲ್ಲ. ಕಂಪ್ಯೂಟರಿನಲ್ಲಿ ಕಾರ್ಡು ಜೋಡಿಸುವ ನಿತಿನ ಹಳೇ ಫೈಲಿನಿಂದ ಎತ್ತಿ ಹಾಕಿರಬೇಕು. ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ. ಗೆರೆ ನೇರವಾಗೇ ಬಂತು. ಅದಕ್ಕೇ ಬೇಜಾರು.

ಜನವರಿ 13
ಎರಡನೇ ಪ್ರೂಫ್. ಹೆಸರು ಮತ್ತೆ ಇದೆ. ನಿತಿನ ಏನೋ ಹೇಳಹೊರಟ. ಕೇಳದೆ ಬೈದೆ, ಹೆಸರನ್ನು ಮತ್ತೆ ಹೊಡೆದುಹಾಕಿದೆ.
ಸಂಜೆ ಅಪೇಕ್ಷಾಳ ಅವ್ವ, ನಮ್ಮ ವೈನಿಯ ಫೋನ್. ಅರಿಶಿನದ ದಿನ ಅಡುಗೆಯವರ ಕಡೆ ನೋಡಿಕೊಳ್ಳುತ್ತೀಯಾ ಎಂದರು. ಅಂದರೆ, ಹಸೆಮಣೆಯ ಹತ್ತಿರ ಬರಬೇಡ. ಹೂಂ ಎಂದೆ. ಹುಟ್ಟಿದಾಗ ಆ ಕೂಸಿಗೆ ಎರೆದವಳು ನಾನು... ಅವಳ ಕೆನ್ನೆಗೆ ಅರಿಶಿನ ಹಚ್ಚುವ ಆಸೆ ಇದೆ. ಇಲ್ಲವೆಂದರೆ ಸುಳ್ಳು.

ಜನವರಿ 14, ಬೆಳಿಗ್ಗೆ 6
ಕನಸು. ಅಂಗಡಿಯ ಮುಂದಿನ ಲಕ್ಷ್ಮಿ ರಸ್ತೆಯಲ್ಲಿ ಒಂದೂ ಗಾಡಿಯಿಲ್ಲ. ಕಾರ್ಡುಗಳು ಒಂದೊಂದಾಗಿ ತೆರೆದುಕೊಂಡು ಮೇಲೆ ಹಾರಿದವು. ಜನ ನನ್ನ ಸುತ್ತ ನಿಂತು, ಶುಭವೋ, ಹೇಳಿ ಎನ್ನುತ್ತಿದ್ದರು. ನನ್ನನ್ನು! ನಾನು ಮೇಲೆ ನೋಡುತ್ತಲೇ ಇದ್ದೆ. ಹಾಯಾಗಿತ್ತು.

ಜನವರಿ 16
ಮೂರನೇ ಪ್ರೂಫ್ ಅಪೇಕ್ಷಾಳೇ ತಂದಳು. ನನ್ನ ಹೆಸರು ಈಗ ಎಲ್ಲರಿಗಿಂತ ಮೇಲೆ.
“ಅತ್ತಿ, ಎಷ್ಟು ಸಲ ಹೊಡೀತಿ? ನಾನೇ ಬರಸೇನಿ ಅದನ್ನ.”
ನಿಮ್ಮವ್ವನಿಗೆ ಗೊತ್ತೇ ಎಂದೆ.
“ಗೊತ್ತದ. ಭಾಳ ಸಿಟ್ಟಾಗ್ಯಾಳ.”
ಹೋಗುವಾಗ ಕೆಂಪು ಪೆನ್ನು ತನ್ನ ಪರ್ಸಿಗೆ ಹಾಕಿಕೊಂಡಳು.

ಫೆಬ್ರವರಿ 12, ಬೆಳಿಗ್ಗೆ 9
ಅರಿಶಿನದ ದಿನ. ಅಡುಗೆಯವರ ಹತ್ತಿರವೇ ಕುಳಿತಿದ್ದೇನೆ. ಒಪ್ಪಿಕೊಂಡ ಮಾತು. ಒಳಗೆ ಐವರು ಮುತ್ತೈದೆಯರು ಸಿದ್ಧರಾಗಿ ಎಷ್ಟೋ ಹೊತ್ತಾಯಿತು. ಮದುಮಗಳು ಅರಿಶಿನದ ಬಟ್ಟಲು ಮಡಿಲಲ್ಲಿಟ್ಟುಕೊಂಡು ಯಾರಿಗೂ ಕೊಡುತ್ತಿಲ್ಲವಂತೆ. ಹುಚ್ಚು ಹುಡುಗಿ. ಅಂಗಳದ ಮೇಲೆ ಹದ್ದು ಸುತ್ತುತ್ತಿದೆ, ಎಡಕ್ಕೋ ಬಲಕ್ಕೋ ನೋಡಲು ಧೈರ್ಯವಿಲ್ಲ.
ವೈನಿ ಬಂದರು. ಮುಖ ಬಿಗಿದಿದೆ, ಕಣ್ಣು ಮಾತ್ರ ಒದ್ದೆ.
“ಏಳು ಕುಸುಮಾ. ಕೂಸು ನಿನ್ನ ಹಾದಿ ಕಾಯ್ಲಿಕತ್ತದ.”
ಕೈ ತೊಳೆದುಕೊಂಡು ಹೋಗ—