ಉಳಿದ ನಾಲ್ಕು ರೊಟ್ಟಿ

ಡೋಣಿ ಹೊಳೆಯ ದಂಡೆ, ವಿಜಯಪುರ ಸೀಮೆ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಮುನ್ನೂರ ಹದಿನೇಳು

ಶಿವಕಾಂತಾ ಆಯಿಗೆ, ನಿಮ್ಮಿಂದ ಹತ್ತನೆಯ ತಲೆಮಾರಿನ ಗುರುಬಾಯಿಯ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ಯಾವ ತಿಂಗಳಿಗೂ ಸೇರಿಸದೆ ನಿದ್ದೆಗೆ ಬಿಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮದೊಂದು ಚಿಕ್ಕ ವಿಡಿಯೊ ನಮ್ಮ ಮನೆಯಲ್ಲಿ ಉಳಿದಿದೆ. ನೀವು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದೀರಿ. ನಡುನಡುವೆ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಅದುಮಿಕೊಳ್ಳುತ್ತೀರಿ. ಸಾಕು ಏಳು ಎಂದು ಯಾರೋ ಹೇಳುತ್ತಾರೆ. ನೀವು ತಲೆ ಎತ್ತದೆ, "ಇನ್ನ ನಾಕ ಅದಾವ, ಮುಗಿಸೇ ಏಳ್ತೀನಿ" ಎನ್ನುತ್ತೀರಿ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಬಾಯಿಂದ ಬಾಯಿಗೆ ಬಂದದ್ದು. ನೋವು ಮಣಿಕಟ್ಟಿನಿಂದ ಭುಜಕ್ಕೇರಿತು, ಗುಳಿಗೆ ವರ್ಷದಿಂದ ವರ್ಷಕ್ಕೆ ಬಲವಾಗುತ್ತ ಹೋಯಿತು, ಕೊನೆಗೆ ನೋವೂ ಉಳಿಯಿತು, ಗುಳಿಗೆಯೂ ಉಳಿಯಿತು. ಮಗಳ ಮದುವೆಯ ದಿನ ನೀವು ಒಳಕೋಣೆಯಲ್ಲಿ ಮಂಪರಿನಲ್ಲಿ ಮಲಗಿದ್ದಿರಂತೆ.

ನಿಮ್ಮ ಮಣಿಕಟ್ಟು ನನಗೂ ಬಂದಿದೆ. ಕಸುಬೂ ಅದೇ. ನಮ್ಮಲ್ಲಿ ಮನೆಗೊಂದು ಒಲೆಯಿಲ್ಲ, ಓಣಿಗೊಂದು ಒಲೆಮನೆ. ಹಗಲಿನ ಬಿಸಿಲನ್ನು ಕಲ್ಲುಗಳಲ್ಲಿ ಕೂಡಿಟ್ಟು ಅದರ ಕಾವಿನಲ್ಲೇ ಬೇಯಿಸುತ್ತೇವೆ. ರೊಟ್ಟಿ ಬಡಿಯುವ ಯಂತ್ರವೂ ಬಂದಿತ್ತು. ಅದರ ರೊಟ್ಟಿಯನ್ನು ಎಮ್ಮೆಗಳು ಮೂಸಿ ನೋಡಿ ಬಿಟ್ಟ ಮೇಲೆ ಮತ್ತೆ ನಮ್ಮನ್ನೇ ಕರೆದರು.

ಬಲವಾದ ಔಷಧ ಈಗ ಇಲ್ಲವೆಂದಲ್ಲ. ಮಂಪರುಹನಿ ಎನ್ನುತ್ತೇವೆ. ಮುರಿದ ಮೂಳೆಗೆ, ಶಸ್ತ್ರಚಿಕಿತ್ಸೆಗೆ, ಕೊನೆಗಾಲದ ನೋವಿಗೆ ಧಾರಾಳವಾಗಿ ಕೊಡುತ್ತಾರೆ. ವರ್ಷಗಟ್ಟಲೆ ಬಿಡದ ನೋವಿಗೆ ಮಾತ್ರ ಅದು ಕೊನೆಯ ದಾರಿ. ನಾನು ಆ ದಾರಿಯಲ್ಲಿ ಹೋಗಿ ಬಂದವಳು. ವೈದ್ಯೆ ಒಮ್ಮೆಲೇ ನಿಲ್ಲಿಸದೆ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಈಗ ಬೆಳಿಗ್ಗೆ ಬಿಸಿ ಉಪ್ಪಿನ ಶಾಖ, ತೋಳು ಆಡಿಸುವ ವ್ಯಾಯಾಮ, ಕೆರೆ ಏರಿಯ ಮೇಲೆ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ನೋವು ಹೋಗಿಲ್ಲ. ಬೇಡದ ನೆಂಟನ ಹಾಗೆ ಮೂಲೆಯಲ್ಲಿ ಕೂತಿದೆ, ಮೊದಲಿನಷ್ಟು ಉಪಚಾರ ಕೇಳುವುದಿಲ್ಲ.

ಇದೆಲ್ಲ ಸುಲಭ. ಕಷ್ಟವಾದದ್ದು ಉಳಿಕೆ. ಕೈ ಇನ್ನೂ ಚೆನ್ನಾಗಿರುವಾಗಲೇ ಬೇಕೆಂದೇ ಬಿಟ್ಟೆದ್ದ ಕೆಲಸಕ್ಕೆ ನಾವು ಇಟ್ಟ ಹೆಸರು ಅದು. ಯಾರು ಬೇಕಾದರೂ ಬಂದು ಅದನ್ನು ಮುಗಿಸಬಹುದು. ಉಳಿಕೆಯೇ ಕಾಣದ ಮನೆಯಲ್ಲಿ ಯಾರೋ ನೋವು ಮುಚ್ಚಿಟ್ಟಿದ್ದಾರೆಂದು ಓಣಿಯವರು ವಿಚಾರಿಸಲು ಬರುತ್ತಾರೆ. ನೋವಿರುವ ದಿನ ಎಂಥವರೂ ಏಳುತ್ತಾರೆ. ನಾವು ಕೆಡುವುದು ನೋವಿಲ್ಲದ ದಿನ. ಇವತ್ತು ಹಗುರಾಗಿದೆಯೆಂದು ವಾರದ ಕೆಲಸವನ್ನೆಲ್ಲ ಬಾಚಿಕೊಂಡು ಮಾಡಿ, ಮುಂದಿನ ವಾರವಿಡೀ ಹಾಸಿಗೆ ಹಿಡಿಯುತ್ತೇವೆ. ಅದಕ್ಕೇ ನಮಗೆಲ್ಲ ಒಬ್ಬೊಬ್ಬ ತಡೆಗಾರ, ಹೊತ್ತು ನೋಡಿ ಕೆಲಸದಿಂದ ಎಬ್ಬಿಸುವವ. ಮನೆಯವರು ಆಗುವಂತಿಲ್ಲ, ಅವರು ಒಂದೋ ಕರಗುತ್ತಾರೆ, ಇಲ್ಲವೇ ಬೇಸತ್ತು ಹೋಗುತ್ತಾರೆ. ನನ್ನ ತಡೆಗಾರ ಪಕ್ಕದ ಮನೆಯ ದಸ್ತಗೀರ ಕಾಕಾ. ಅಂಥ ಮೊಂಡ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ತಿಂಗಳು ನನ್ನ ಮಗಳು ಸುಗಂಧಾಳ ಮದುವೆಯಾಯಿತು. ಮದುವೆಯ ರೊಟ್ಟಿ ನಾನೇ ಬಡಿಯುತ್ತೇನೆಂದು ಹಟ ಹಿಡಿದಿದ್ದೆ. ಅವತ್ತು ಕೈಯಲ್ಲಿ ನೋವೇ ಇರಲಿಲ್ಲ. ಕೊನೆಯ ಉಂಡೆಗಳು ಉಳಿದಿದ್ದಾಗ ಕಾಕಾ ಬಂದು ಹಿಟ್ಟಿನ ಪರಾತ ಎಳೆದುಕೊಂಡರು.

"ಇನ್ನ ನಾಕ ಅದಾವ ಕಾಕಾ, ಮುಗಿಸೇ ಏಳ್ತೀನಿ," ಎಂದೆ. ಅಂದ ಮೇಲೆ ಅದು ಯಾರ ಮಾತೆಂದು ಹೊಳೆಯಿತು.

"ಏಳ ಏಳ. ನಾಕ ರೊಟ್ಟಿ ಕಡಿಮಿ ಬಿದ್ರ ಬೀಗರೇನ ಓಡಿ ಹೋಗೂದಿಲ್ಲ," ಎಂದರು, ಬೀಗರ ಎದುರಿಗೇ.

ನಾಚಿಕೆಗೂ ಸಿಟ್ಟಿಗೂ ಕಣ್ಣಲ್ಲಿ ನೀರು ಬಂತು. ಆದರೂ ಎದ್ದೆ. ಉಳಿದ ನಾಲ್ಕನ್ನು ಬೀಗತಿ ಬಡಿದು ಸುಟ್ಟು ಕರಿ ಮಾಡಿದರು. ಎಲ್ಲರೂ ತಿಂದರು.

ಮರುದಿನ ಸುಗಂಧಾ ಗಂಡನ ಜೊತೆ ತೇಲೂರಿಗೆ, ಅಂದರೆ ಕಡಲ ಮೇಲೆ ಕಟ್ಟಿದ ಊರಿಗೆ, ಹೊರಡಬೇಕಿತ್ತು. ಹೊರಡುವ ಮೊದಲು ನನ್ನ ಮುಂದೆ ಬೆನ್ನು ಮಾಡಿ ಕೂತು, "ಯವ್ವಾ, ಹೆರಳ ಹಾಕು" ಎಂದಳು. ನಾನು ಹನಿ ಕುಡಿಯುತ್ತಿದ್ದ ವರ್ಷಗಳಲ್ಲಿ ಅವಳು ಇದನ್ನು ಕೇಳುವುದನ್ನೇ ಬಿಟ್ಟಿದ್ದಳು. ಕೈ ಎದ್ದಿತು. ಬಿಗಿಯಾಗಿ ಹೆಣೆದೆ, ತುದಿಯವರೆಗೂ. ಅದೊಂದರಲ್ಲಿ ಉಳಿಕೆ ಬಿಡಲಿಲ್ಲ. ಕಾಕಾ ಬಾಗಿಲಲ್ಲೇ ನಿಂತಿದ್ದರು, ತಡೆಯಲಿಲ್ಲ.

ಆಯಿ, ಈ ಪತ್ರ ನಿಮಗೆ ತಲುಪುವುದಿಲ್ಲವೆಂದು ಬಲ್ಲೆ. ತಲುಪಿದರೆ ಒಂದೇ ಕೋರಿಕೆ. ಅವಳು ಹೊರಟುಹೋದ ಮೇಲೆ ಆ ವಿಡಿಯೊವನ್ನು ಮತ್ತೆ ಕೇಳಿದೆ. ಸಾಕು ಏಳು ಎನ್ನುವ ದನಿ ಒಬ್ಬ ಚಿಕ್ಕ ಹುಡುಗಿಯದು. ನಿಮ್ಮ ಮಗಳೇ ಇರಬೇಕು. ಆ ನಾಲ್ಕು ಉಂಡೆ ಹಾಗೇ ಇರಲಿ. ಏಳಿ.