ಗಾಳಿ ತೆಗಿ ಅಂದಿದ್ದೆ

೧೨ ನವೆಂಬರ್ ೨೦೦೬, ಬೆಳಿಗ್ಗೆ ೭

ಬ್ಲೋವರ್ ನಾಲ್ಕು ನಿಮಿಷ. ಆಮೇಲೆ ಎಂಜಿನ್ ಮುಚ್ಚಳ ಎತ್ತಿ ಮೂಗಿಟ್ಟು ನೋಡಿದೆ — ಪೆಟ್ರೋಲ್ ವಾಸನೆ ಇಲ್ಲ. ಸ್ಟಾರ್ಟ್. ಹತ್ತು ನಿಮಿಷ ಓಡಿಸಿ ಆಫ್. ದಿನಾ ಇದೇ. ಗೋವಾದಿಂದ ಈ ಯಾಟ್, ಸಾಹುಕಾರರ ಮೋಜಿನ ದೋಣಿ, ತಂದವನು ಹೇಳಿಕೊಟ್ಟು ಹೋದದ್ದು: ತಳದಲ್ಲಿ ಪೆಟ್ರೋಲಿನ ಆವಿ ಕೂತಿರುತ್ತದೆ, ಫ್ಯಾನ್ ಹಾಕಿ ಹೊರಗೆ ದಬ್ಬದೆ ಕೀ ತಿರುಗಿಸಿದರೆ ಒಂದು ಕಿಡಿ ಸಾಕು.

ಗಣಿ ಸಾಹುಕಾರರು ಈ ಕಡೆ ಬರದೆ ಎರಡು ತಿಂಗಳು. ಹಂಪಸಾಗರದ ಹಿನ್ನೀರಿಗೆ ಇಷ್ಟು ದೊಡ್ಡದು ಯಾಕೆ ತಂದರೋ! ಆರು ಹಾಸಿಗೆ, ಆರು ಚಹಾದ ಕಪ್ಪು. ತೊಳೆಯುವುದು ಒಂದೇ.

೧೩ ನವೆಂಬರ್, ಸಂಜೆ

ಓಬಣ್ಣ ರೊಟ್ಟಿ, ಮೀನಿನ ಸಾರು ತಂದ. ಮೀನು ಹಿಡಿಯುವವನು, ದಡದ ಕಾವಲೂ ಅವನದೇ.

"ಸಾಬ್ರ, ಸೂರ್ಯಾ ಹುಟ್ಟಿದಾಗಿಂದ ಯಾರ ಕೂಡ ಮಾತಾಡೀರಿ?"

"ನಿನ್ನ ಕೂಡನ."

ನಕ್ಕ. ನಾನೂ ನಕ್ಕೆ. ಹೆಂಡತಿ ಮುಸರತ ತೀರಿಕೊಂಡ ಮೇಲೆ ಬೊಮ್ಮನಹಳ್ಳಿಯ ಮನೆಗೆ ಬೀಗ. ಅಲ್ಲಿ ಗೋಡೆ ನೋಡುತ್ತಿದ್ದೆ, ಇಲ್ಲಿ ನೀರು. ಸುಳ್ಳೇಕೆ, ಓಬಣ್ಣ ಬರದ ದಿನ ಊಟ ಸೇರುವುದಿಲ್ಲ.

೧೯ ನವೆಂಬರ್

ಕೊಟ್ಟೂರಿನಿಂದ ಫೋನ್. ಮಗಳು ಮುಬೀನಾಗೆ ಹೆಣ್ಣು ಮಗು! ಈಗಲೇ ಬಸ್ ಹಿಡಿಯಬೇಕು. ನಾನಿಲ್ಲದಾಗ ಸಾಹುಕಾರರು ಬಂದರೆ?

"ನಾ ಅದೀನಲ್ರಿ," ಅಂದ ಓಬಣ್ಣ. "ಹೊಲದಾಗ ಹತ್ತು ವರ್ಷ ಡೀಸೆಲ್ ಪಂಪ್ ಓಡಿಸೀನಿ. ಇದೇನ್ ಮಹಾ."

"ಮೊದ್ಲು ಗಾಳಿ ತಗಿ, ಆಮ್ಯಾಗ ಕೀ ತಿರುವು. ಮರಿಬ್ಯಾಡ."

"ಗಾಳಿ ತಗಿಯೋದು ನನಗ ಹೇಳಬೇಕೇನ್ರಿ? ಹೋಗ್ರಿ, ಮೊಮ್ಮಗಳ ಮಾರಿ ನೋಡಿ ಬರ್ರಿ."

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಮನಸ್ಸು ಹಗುರ.

೨೪ ನವೆಂಬರ್

ಯಾಟ್ ಅರ್ಧ ಸುಟ್ಟಿದೆ. ಓಬಣ್ಣ ಬಳ್ಳಾರಿ ಆಸ್ಪತ್ರೆಯಲ್ಲಿ… ಎರಡೂ ಕೈ, ಎದೆ.

ಮೊನ್ನೆ ಮಧ್ಯಾಹ್ನ ಸಾಹುಕಾರರ ಅತಿಥಿಗಳು ಬರುತ್ತಾರೆಂದು ಸ್ಟಾರ್ಟ್ ಮಾಡಲು ಹೋಗಿದ್ದಾನೆ. ನಾನು ಇಳಿದು ನೋಡಿದೆ. ಬ್ಲೋವರ್ ಸ್ವಿಚ್ ಆಫ್. ಪೆಟ್ರೋಲ್ ಪೈಪಿನ ನಟ್ ಸಡಿಲ. ಪಕ್ಕದಲ್ಲಿ ನಟ್ ಬಿಚ್ಚುವ ಪಾನಾ, ಮಸಿ ಹಿಡಿದು.

ಪಾನಾ ಎತ್ತಿಕೊಂಡಾಗ ತಿಳಿಯಿತು. ಪಂಪ್‌ಸೆಟ್ಟಿನವರಿಗೆ ಗಾಳಿ ತೆಗೆಯುವುದೆಂದರೆ ಒಂದೇ — ಪೈಪಿನಲ್ಲಿ ಹಿಡಿದ ಗಾಳಿ ಹೋಗಲೆಂದು ನಟ್ ಸಡಿಲಿಸಿ ಎಣ್ಣೆ ಚಿಮ್ಮುವವರೆಗೆ ಬಿಡುವುದು. ಡೀಸೆಲ್ ಚೆಲ್ಲಿದರೆ ಒರೆಸಿದರಾಯಿತು. ಇದು ಪೆಟ್ರೋಲ್. ಇಪ್ಪತ್ತು ವರ್ಷ ಪಂಪ್ ರಿಪೇರಿ ಮಾಡುತ್ತ ಊರೂರಿನ ರೈತರಿಗೆ ಆ ಮಾತು ಕಲಿಸಿದವನೇ ನಾನು. ಬ್ಲೋವರ್ ಹಾಕು ಅನ್ನಲು ನನ್ನ ನಾಲಿಗೆಗೆ ಏನಾಗಿತ್ತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿದ್ದನ್ನೇ ಮಾಡಿದ್ದಾನೆ ಪುಣ್ಯಾತ್ಮ.

೨೬ ನವೆಂಬರ್

ಸಾಹುಕಾರರ ಮ್ಯಾನೇಜರ್ ನಾಗೇಂದ್ರಪ್ಪ ಟೈಪ್ ಮಾಡಿಸಿದ ಕಾಗದ ತಂದಿದ್ದರು. ಓಬಣ್ಣ ಕುಡಿದಿದ್ದ, ನಾನು ಎಲ್ಲ ಸರಿಯಾಗಿ ಹೇಳಿಕೊಟ್ಟಿದ್ದೆ ಎಂದು.

"ಅಂವಾ ಹನಿ ಮುಟ್ಟೋನಲ್ರಿ."

"ಸಹಿ ಮಾಡಪಾ. ಇಲ್ಲಂದ್ರ ನಿನ್ನ ತಲಿಗೇ ಬರತೈತಿ."

ಮಾಡಿದೆ. ಹೇಡಿ ನಾನು.

೨೭ ನವೆಂಬರ್

ದಡದ ಶೆಡ್ಡಿನಲ್ಲಿದ್ದೇನೆ. ಸಂಜೆ ಆರಕ್ಕೆ ಹೆಜ್ಜೆ ಸದ್ದಾಯಿತು ಅಂತ ಎದ್ದು ಹೋಗಿ ನೋಡಿದೆ. ಎಮ್ಮೆ. ಒಲೆ ಹಚ್ಚಲಿಲ್ಲ.

೩೦ ನವೆಂಬರ್, ಬಳ್ಳಾರಿ, ಮಧ್ಯಾಹ್ನ

ಓಬಣ್ಣನ ಹೆಂಡತಿ ಕೊಟ್ರಬಸಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅವನ ಎರಡೂ ಕೈಗೆ ಬ್ಯಾಂಡೇಜು. ನನ್ನನ್ನು ನೋಡಿ ಏಳಲು ಹೋದ.

"ಸಾಬ್ರ… ಕೂಸು ಹ್ಯಾಂಗೈತಿ?"

"ಚಲೋ ಐತಿ."

"ನಿಮ್ಮ ಹಡಗು ಹಾಳು ಮಾಡಿಬಿಟ್ಟೆಲ್ರಿ. ಗಾಳಿ ಪೂರಾ ಹೋಗಿದ್ದಿಲ್ಲ ಕಾಣಸ್ತೈತಿ. ನಟ್ ಇನ್ನೊಂದು ಸುತ್ತು ಸಡ್ಲ ಮಾಡಬೇಕಿತ್ತು."

ನೀರು ತರುತ್ತೇನೆಂದು ಹೊರಗೆ ಬಂದೆ. ವಾರ್ಡಿನ ಬೆಂಚಿನ ಮೇಲೆ ಅರ್ಧ ಗಂಟೆಯಿಂದ ಕೂತಿದ್ದೇನೆ. ಬಾಟಲಿ ತುಂಬಿದೆ. ಒಳಗೆ ಹೋಗಿ ಹೇಳಬೇಕು. ಬಾಯಿ ತಪ್ಪಬಾರದು, ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ —

ಓಬಣ್ಣ, ಗಾಳಿ ನೀನು ಸರಿಯಾಗಿಯೇ ತೆಗೆದಿದ್ದೆ. ನಾನು ಹೇಳಿದ್ದು ಬ್ಲೋವರಿನ ಗಾಳಿ, ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ತಪ್ಪು ನನ್ನದು.